ಫೋನಿನಲ್ಲಿರುವುದು ಮನೆಯಲ್ಲೂ ಇರಲಿ



ಹಿಂದೆ ಅಜ್ಜ ಅಜ್ಜಿಯರ ಫೋಟೊ ಗೋಡೆಯ ಮೇಲಿರುತ್ತಿತ್ತು, ಮದುವೆಯ ಆಲ್ಬಂ ಟ್ರಂಕಿನಲ್ಲಿರುತ್ತಿತ್ತು. ಈಗ ಎಲ್ಲವೂ ಜೇಬಿನಲ್ಲಿದೆ. ಮಗುವಿನ ದೀಕ್ಷಾಸ್ನಾನದ ಫೋಟೊ, ಜಮೀನಿನ ಪಟ್ಟಾದ ನಕಲು ಎಲ್ಲಕ್ಕೂ ಒಂದೇ ಮೊಬೈಲ್. 2019ರ ಆಗಸ್ಟ್‌ನಲ್ಲಿ ನಮ್ಮ ಅವಲಾಂಚಿಯಲ್ಲಿ 24 ಗಂಟೆಗಳಲ್ಲಿ 800 ಮಿ.ಮೀ.ಗೂ ಹೆಚ್ಚು ಮಳೆ ಸುರಿದದ್ದು ನಿಮಗೆ ನೆನಪಿರಬಹುದು. ಫೋನು ಕೆಡಲು ಅಷ್ಟೆಲ್ಲ ಮಳೆ ಬೇಡ. ಗೂಡಲೂರು ಬಸ್ ನಿಲ್ದಾಣದಲ್ಲಿ ಕೊಡೆ ಬಿಚ್ಚುವಷ್ಟರಲ್ಲಿ ಆಗಿಹೋಗುತ್ತದೆ.

ಹಾಗೆ ನೆನೆದ ಫೋನನ್ನು ಹಿಡಿದು ಒಬ್ಬ ತಾಯಿ ಬಂದಿದ್ದರು. ಅವರಿಗೆ ಫೋನಿನ ಚಿಂತೆಯಿರಲಿಲ್ಲ. ತೀರಿಹೋದ ಗಂಡ ಕಳಿಸಿದ್ದ ವಾಟ್ಸಾಪ್ ಧ್ವನಿ ಸಂದೇಶಗಳು ಅದರಲ್ಲಿದ್ದವು, ಬೇರೆಲ್ಲೂ ಇರಲಿಲ್ಲ.

ತಮಿಳುನಾಡು ಸರ್ಕಾರ 2011ರಲ್ಲಿ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಕೊಡಲು ಆರಂಭಿಸಿತು. ಅಂಥದ್ದೊಂದು ನಿಮ್ಮ ಮಂಚದ ಕೆಳಗೂ ಧೂಳು ಹಿಡಿದು ಕೂತಿರಬಹುದು. ಅದು ಚಾಲೂ ಆಗುವುದಾದರೆ ಈ ಕೆಲಸಕ್ಕೆ ಸಾಕು. ಫೋನಿನ ತಂತಿಯನ್ನು ಚಾರ್ಜರಿನಿಂದ ಬಿಡಿಸಿ ಕಂಪ್ಯೂಟರಿಗೆ ಸಿಕ್ಕಿಸಿ.

"ಏನೂ ಕಾಣಿಸುವುದಿಲ್ಲ ಫಾದರ್" ಎಂದು ಹಲವರು ಹೇಳುತ್ತಾರೆ. ಕಾಣಿಸದಿರುವುದು ಸರಿಯೇ. ಆಂಡ್ರಾಯ್ಡ್ ಫೋನುಗಳು ಸಾಮಾನ್ಯವಾಗಿ ಮೊದಲು ಚಾರ್ಜ್ ಮಾತ್ರ ಆಗುತ್ತವೆ. ನಿಮ್ಮ ಅಪ್ಪಣೆಯಿಲ್ಲದೆ ಒಳಗಿನದನ್ನು ತೋರಿಸುವುದಿಲ್ಲ. ಫೋನಿನ ಲಾಕ್ ತೆಗೆದು, ಪರದೆಯನ್ನು ಮೇಲಿನಿಂದ ಕೆಳಗೆ ಎಳೆದು, ಯುಎಸ್‌ಬಿ ಎಂಬ ಸೂಚನೆಯನ್ನು ಒತ್ತಿ 'ಫೈಲ್ ಟ್ರಾನ್ಸ್‌ಫರ್' ಆರಿಸಿ. ಐಫೋನಾದರೆ 'ಟ್ರಸ್ಟ್' ಒತ್ತಬೇಕು. ಸೂಚನೆಯೇ ಬಾರದಿದ್ದರೆ ತಂತಿ ಬದಲಿಸಿ ನೋಡಿ. ಕೆಲವು ಅಗ್ಗದ ತಂತಿಗಳಲ್ಲಿ ಕರೆಂಟಿನ ಎಳೆಗಳಿರುತ್ತವೆ, ಮಾಹಿತಿ ಸಾಗಿಸುವ ಎಳೆಗಳೇ ಇರುವುದಿಲ್ಲ.

ಕ್ಯಾಮೆರಾದ ಫೋಟೊಗಳು ಡಿಸಿಐಎಂ ಎಂಬ ಫೋಲ್ಡರಿನಲ್ಲಿರುತ್ತವೆ. ವಾಟ್ಸಾಪ್‌ನವು ಅಲ್ಲಿರುವುದಿಲ್ಲ. ಈಗಿನ ಆಂಡ್ರಾಯ್ಡ್ ಫೋನುಗಳಲ್ಲಿ 'ಆಂಡ್ರಾಯ್ಡ್', ಅದರೊಳಗೆ 'ಮೀಡಿಯಾ', ಅದರೊಳಗೆ ವಾಟ್ಸಾಪ್ ಹೆಸರಿನ ಫೋಲ್ಡರ್ ಹುಡುಕಿ. 'ವಾಯ್ಸ್ ನೋಟ್ಸ್' ಅಲ್ಲೇ ಇವೆ. ಆ ತಾಯಿ ಕೇಳಿದ್ದು ಇದನ್ನೇ. 'ಕಟ್' ಮಾಡಬೇಡಿ, 'ಕಾಪಿ' ಮಾಡಿ. ಕಂಪ್ಯೂಟರಿನಲ್ಲಿ ನಾಲ್ಕಾರು ತೆರೆದು ನೋಡುವವರೆಗೆ ಫೋನಿನಿಂದ ಏನನ್ನೂ ಅಳಿಸಬೇಡಿ. ಕಂಪ್ಯೂಟರೂ ಕೆಡುವ ವಸ್ತುವೇ. ಒಂದು ಪೆನ್‌ಡ್ರೈವಿನಲ್ಲಿ ಇನ್ನೊಂದು ಪ್ರತಿ ಮಾಡಿ ಮೈಸೂರಿನಲ್ಲಿರುವ ತಂಗಿಗೋ ತಮ್ಮನಿಗೋ ಕೊಟ್ಟಿಡಿ.

ಇದೇ ತಂತಿಯಿಂದ ಇನ್ನೊಂದು ಉಪಕಾರವಿದೆ. ಮಸಿನಗುಡಿಯಲ್ಲಿ ಮರ ಬಿದ್ದು ಬ್ರಾಡ್‌ಬ್ಯಾಂಡ್ ಹೋದ ದಿನ, ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಯುಎಸ್‌ಬಿ ಟೆದರಿಂಗ್' ಹಾಕಿದರೆ ಫೋನಿನ ಇಂಟರ್‌ನೆಟ್ ಕಂಪ್ಯೂಟರಿಗೆ ಸಿಗುತ್ತದೆ. ಮಕ್ಕಳ ಅರ್ಜಿ ತುಂಬುವ ಕೊನೆಯ ದಿನ ಇದು ದೊಡ್ಡ ಸಹಾಯ. ಆದರೆ ಕಂಪ್ಯೂಟರು ತನ್ನ ಅಪ್‌ಡೇಟಿಗೆಂದು ದಿನದ ಡೇಟಾವನ್ನೆಲ್ಲ ನುಂಗಿಬಿಡಬಹುದು, ಕೆಲಸ ಮುಗಿದೊಡನೆ ನಿಲ್ಲಿಸಿ.

ಮನೆಯ ಕಂಪ್ಯೂಟರಿನ ಮಾತು ಬೇರೆ, ಜೆರಾಕ್ಸ್ ಅಂಗಡಿಯದು ಬೇರೆ. ಒಂದು ಆಧಾರ್ ಪ್ರಿಂಟಿಗಾಗಿ ಇಡೀ ಫೋನನ್ನು ಅಲ್ಲಿ ತೆರೆದಿಡುವುದು ನನಗೆ ಒಪ್ಪಿಗೆಯಿಲ್ಲ. ಹೆಣ್ಣುಮಕ್ಕಳ ಫೋಟೊಗಳೂ ಅದರಲ್ಲೇ ಇರುತ್ತವಲ್ಲ! ಬೇಕಾದ ಒಂದು ಕಾಗದವನ್ನು ಮಾತ್ರ ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಅಂಗಡಿಯಲ್ಲಿ ವಾಟ್ಸಾಪ್ ವೆಬ್ ತೆರೆದಿದ್ದರೆ, ನಿಮ್ಮ ಫೋನಿನ ವಾಟ್ಸಾಪ್‌ನಲ್ಲಿ 'ಲಿಂಕ್ಡ್ ಡಿವೈಸಸ್' ನೋಡಿ, ಅಲ್ಲಿರುವ ಕಂಪ್ಯೂಟರಿನ ಹೆಸರು ಒತ್ತಿ 'ಲಾಗ್ ಔಟ್' ಮಾಡಿ. ಮರೆತು ಬಂದಿದ್ದರೆ ಮನೆಯಲ್ಲಿ ಕುಳಿತೇ ಮಾಡಬಹುದು, ಮತ್ತೆ ಬಸ್ಸು ಹತ್ತಬೇಕಿಲ್ಲ.