ನೀರು ತುಂಬೋದು ಗೊತ್ತು, ನಿಲ್ಲಿಸೋದು?

ಪ್ರತಿ ವರ್ಷ ಜುಲೈ-ಆಗಸ್ಟ್ ಬಂತೆಂದರೆ ನಮ್ಮ ಸೀನಿಯರ್‌ಗಳಲ್ಲಿ ಒಂದಿಷ್ಟು ಜನ ಎಂ.ಎಸ್. ಅಂತ ವಿಮಾನ ಹತ್ತುತ್ತಾರೆ. ಅವರ ಪ್ಯಾಕಿಂಗ್ ಪಟ್ಟಿ ನಮಗೆಲ್ಲ ಬಾಯಿಪಾಠ: ದಪ್ಪ ಜಾಕೆಟ್, ಪ್ರೆಶರ್ ಕುಕ್ಕರ್, ಶೇಂಗಾ ಚಟ್ನಿ, ಖಡಕ್ ರೊಟ್ಟಿ, ಮೇಲೊಂದು ಪೇಡೆ ಡಬ್ಬಿ. ವೀಸಾ, ಬ್ಯಾಂಕ್ ಸಾಲ, ರೂಮ್‌ಮೇಟ್, ಎಲ್ಲದರ ಬಗ್ಗೆಯೂ ತಾಸುಗಟ್ಟಲೆ ಚರ್ಚೆ ಆಗ್ತದೆ. "ಹೋದ ಮನೆಯಾಗ ನೀರಿನ ಮೇನ್ ವಾಲ್ವ್ ಎಲ್ಲೈತಿ ಅಂತ ಮೊದಲನೇ ದಿನಾನ ನೋಡ್ಕೊಳಪಾ" ಅಂತ ಹೇಳಿದವರನ್ನು ಮಾತ್ರ ನಾವಿನ್ನೂ ಕಂಡಿಲ್ಲ.

ನಗುವ ಮಾತಲ್ಲ ಇದು. ಹುಬ್ಬಳ್ಳಿ-ಧಾರವಾಡದಲ್ಲಿ ಬೆಳೆದವರಿಗೆ ನೀರು ತುಂಬುವ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ. ನಳ ಬಂತು ಅಂದ್ರೆ ನಡುರಾತ್ರಿ ಎದ್ದು ಕೊಡ, ಬಕೆಟ್, ಬ್ಯಾರೆಲ್, ಸಂಪು, ಮೇಲಿನ ಸಿಂಟೆಕ್ಸ್, ಎಲ್ಲ ತುಂಬಿಸಿ ಮಲಗೋ ಜನ ನಾವು. ನೀರು ಬರೋದೇ ಚಿಂತೆ. ನಿಲ್ಲೋದು ತಾನಾಗಿಯೇ ನಿಲ್ತದೆ. ಹಾಗಾಗಿ ನೀರನ್ನು ನಿಲ್ಲಿಸುವ ವಿದ್ಯೆ ಈ ಊರಿಗೆ ಅಷ್ಟಾಗಿ ಬೇಕಾಗಿರಲಿಲ್ಲ. ಈಗ ಬೇಕಾಗಿದೆ. ಚಳಿ ದೇಶಕ್ಕೆ ಹೋಗುವವರಿಗೂ ಬೇಕು, ಇಲ್ಲೇ ಇರುವವರಿಗೂ ಬೇಕು. ಯಾಕೆ ಅಂತ ಹೇಳ್ತೀವಿ.

ಒಡೆಯೋದು ಒತ್ತಡಕ್ಕೆ

ನೀರು ಹೆಪ್ಪುಗಟ್ಟಿದಾಗ ಸುಮಾರು 9% ಹಿಗ್ಗುತ್ತದೆ ಅಂತ ಪಿಯುಸಿಯಲ್ಲೇ ಓದಿದ್ದೇವೆ. ಹಾಗಾಗಿ ಮಂಜುಗಡ್ಡೆ ಪೈಪಿನ ಗೋಡೆಯನ್ನು ಒಳಗಿಂದ ತಳ್ಳಿ ಒಡೆಯುತ್ತದೆ ಅನ್ನೋದು ಸಾಮಾನ್ಯ ಅಂದಾಜು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಮನೆಯ ಪೈಪುಗಳ ಮೇಲೆ ಪ್ರಯೋಗ ಮಾಡಿ ನೋಡಿದಾಗ ಕಂಡದ್ದು ಬೇರೆ. ಪೈಪಿನ ಒಂದು ಕಡೆ ಮಂಜುಗಡ್ಡೆಯ ಬೂಚು ಕಟ್ಟಿಕೊಳ್ಳುತ್ತದೆ. ಇನ್ನೊಂದು ಕಡೆ ನಳ ಬಂದ್ ಇರುತ್ತದೆ. ನಡುವೆ ಸಿಕ್ಕಿಬಿದ್ದ ನೀರಿಗೆ ಹೋಗಲು ದಾರಿಯಿಲ್ಲ. ಬೂಚು ಬೆಳೆದಷ್ಟೂ ಆ ನೀರಿನ ಒತ್ತಡ ಏರುತ್ತದೆ. ಕೊನೆಗೆ ಪೈಪು ಎಲ್ಲಿ ದುರ್ಬಲವೋ ಅಲ್ಲಿ ಒಡೆಯುತ್ತದೆ. ಆ ಜಾಗದಲ್ಲಿ ಮಂಜುಗಡ್ಡೆ ಇರಲೇಬೇಕು ಅಂತೇನಿಲ್ಲ.

ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರು ಲೆಕ್ಕ ಹಾಕಿ ನೋಡಿ. ನೀರಿನ ಬಲ್ಕ್ ಮಾಡ್ಯುಲಸ್ ಸುಮಾರು 2 ಗಿಗಾಪಾಸ್ಕಲ್. ಅಂದರೆ ಗಟ್ಟಿ ಪೈಪಿನೊಳಗೆ ಸಿಕ್ಕ ನೀರನ್ನು ಬರೀ 1% ಕುಗ್ಗಿಸಲಿಕ್ಕೆ ಸುಮಾರು 200 ಬಾರ್ ಒತ್ತಡ ಬೇಕು, 2% ಅಂದ್ರೆ 400. ಮನೆಯ ನಳದಲ್ಲಿ ಇರೋದು ಹೆಚ್ಚೆಂದರೆ ನಾಲ್ಕೈದು ಬಾರ್. ತಾಮ್ರದ ಪೈಪೂ ಒಂದು ಹಂತದಲ್ಲಿ ಸೋಲಲೇಬೇಕು. ಚಳಿ ರಾತ್ರಿಯಲ್ಲಿ ನಳವನ್ನು ಸಣ್ಣಗೆ ಹನಿಯಲು ಬಿಡಿ ಅಂತ ಅಲ್ಲಿಯವರು ಹೇಳೋದು ಇದಕ್ಕೇ. ಹನಿಯುವ ನಳ ಅಂದ್ರೆ ಒತ್ತಡ ಹೊರಹೋಗಲು ಬಿಟ್ಟ ಕಿಂಡಿ.

2021ರ ಫೆಬ್ರವರಿಯಲ್ಲಿ ಟೆಕ್ಸಾಸ್ ಇದನ್ನು ಅನುಭವಿಸಿತು. ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ ಅಂದ್ರೆ ಕನ್ನಡದ ಮನೆಗಳು ಬೇಕಾದಷ್ಟಿರುವ ಊರುಗಳು. ಅದು ಬಿಸಿಲಿಗೆ ಹೆಸರಾದ ಸೀಮೆ. ಹಿಮಗಾಳಿ ಬೀಸಿ, ವಿದ್ಯುತ್ ವ್ಯವಸ್ಥೆ ಕುಸಿದು, 45 ಲಕ್ಷಕ್ಕೂ ಹೆಚ್ಚು ಮನೆ-ಅಂಗಡಿಗಳಿಗೆ ಕರೆಂಟ್ ಹೋಯಿತು. ಹೀಟರ್‌ಗಳು ನಿಂತವು. ಸೆಕೆಗೆ ಅಂತ ಕಟ್ಟಿದ ಮನೆಗಳು. ಎಷ್ಟೋ ಕಡೆ ಪೈಪುಗಳು ಅಟ್ಟದ ಮೇಲೆ, ಹೊರಗೋಡೆಯ ಒಳಗೆ ಹಾದುಹೋಗಿದ್ದವು. ಅವು ಹೆಪ್ಪುಗಟ್ಟಿ ಒಡೆದವು. ಮಂಜುಗಡ್ಡೆ ಇರೋವರೆಗೆ ಅದೇ ಬೂಚಿನಂತೆ ನೀರನ್ನು ತಡೆದಿರುತ್ತದೆ. ಚಳಿ ಇಳಿದು ಕರಗಿದ ಕೂಡಲೇ ಛಾವಣಿಯಿಂದ ಧಾರೆ ಶುರು. ಒಡೆದ ಪೈಪಿನಿಂದ ನಿಮಿಷಕ್ಕೆ 20 ಲೀಟರ್ ಅಂತ ಹಿಡಿದರೂ ಒಂದು ತಾಸಿಗೆ 1,200 ಲೀಟರ್. ಸಾವಿರ ಲೀಟರಿನ ತುಂಬಿದ ಸಿಂಟೆಕ್ಸ್ ಒಂದನ್ನು ರೂಮಿನೊಳಗೆ ಉರುಳಿಸಿದ್ದಕ್ಕಿಂತ ಹೆಚ್ಚು! ವಾಲ್ವ್ ಎಲ್ಲಿದೆ ಅಂತ ಗೊತ್ತಿದ್ದವರಿಗೆ ಎರಡು ನಿಮಿಷದ ಕೆಲಸ. ಗೊತ್ತಿಲ್ಲದವರಿಗೆ ಗೋಡೆ, ನೆಲ, ಹಾಸಿಗೆ, ಲ್ಯಾಪ್‌ಟಾಪ್ ಎಲ್ಲ ಹೋಯಿತು.

ಹೋಗುವವರಿಗೆ ನಾಲ್ಕು ಮಾತು

ಮನೆಗೆ ಹೋದ ದಿನವೇ ಮೇನ್ ವಾಲ್ವ್ ಎಲ್ಲಿದೆ ಅಂತ ಮಾಲೀಕರನ್ನು ಕೇಳಿ. ಅಪಾರ್ಟ್‌ಮೆಂಟ್ ಆಗಿದ್ದು ವಾಲ್ವ್ ನಿಮ್ಮ ಕೈಗೆ ಸಿಗದಿದ್ದರೆ ರಾತ್ರಿ ಹೊತ್ತಿನ ಮೆಂಟೆನೆನ್ಸ್ ನಂಬರ್ ಬರೆದಿಟ್ಟುಕೊಳ್ಳಿ. ಡಿಸೆಂಬರ್ ರಜೆಯಲ್ಲಿ ಗೆಳೆಯರ ಊರಿಗೆ ಹೋಗುವಾಗ ಬಿಲ್ ಉಳಿಸೋಣ ಅಂತ ಹೀಟರ್ ಪೂರ್ತಿ ಬಂದ್ ಮಾಡಬೇಡಿ. 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಸಬೇಡಿ. ಅಲ್ಲಿನ ಲೆಕ್ಕದಲ್ಲಿ ಅದು 55 ಫ್ಯಾರನ್‌ಹೀಟ್. ಹೊರಗೆ ಮೈನಸ್ 7ರ ಹತ್ತಿರ ಹೋಗ್ತದೆ ಅಂತ ಹವಾಮಾನದವರು ಹೇಳಿದರೆ ಸಿಂಕ್ ಕೆಳಗಿನ ಬಾಗಿಲು ತೆರೆದಿಡಿ, ರೂಮಿನ ಬಿಸಿ ಗಾಳಿ ಪೈಪಿಗೆ ತಾಕಲಿ.

ನಳದಲ್ಲಿ ನೀರು ನಿಂತು ಪೈಪು ಹೆಪ್ಪುಗಟ್ಟಿದೆ ಅನಿಸಿದರೆ ನಳ ತೆರೆದಿಟ್ಟು, ನಳದ ಕಡೆಯಿಂದ ಶುರು ಮಾಡಿ ಹೇರ್ ಡ್ರೈಯರ್‌ನಿಂದ ನಿಧಾನ ಕಾಯಿಸಿ. ಬೆಂಕಿ ಮಾತ್ರ ಹಿಡಿಯಬೇಡಿ. ಒಡೆದೇ ಹೋದರೆ ಮೊದಲು ಮೇನ್ ವಾಲ್ವ್ ಬಂದ್, ಆಮೇಲೆ ನಳಗಳನ್ನೆಲ್ಲ ತೆರೆದು ಉಳಿದ ನೀರು ಇಳಿಸೋದು. ನೀರಲ್ಲಿ ನಿಂತು ಸ್ವಿಚ್ ಮುಟ್ಟಬಾರದು. ಒರೆಸುವ ಮುಂಚೆ ಫೋಟೊ ತೆಗೆಯಿರಿ, ವಿಮೆಗೆ ಬೇಕಾಗ್ತದೆ. ನೆನೆದದ್ದನ್ನು ಒಂದೆರಡು ದಿನದೊಳಗೆ ಒಣಗಿಸಿ. ತಡವಾದರೆ ಬೂಷ್ಟು ಹಿಡಿಯುತ್ತದೆ, ಮರ ಮತ್ತು ಜಿಪ್ಸಮ್ ಬೋರ್ಡಿನ ಗೋಡೆಯೊಳಗೆ ಸೇರಿದ ಬೂಷ್ಟು ಸುಲಭಕ್ಕೆ ಹೋಗೋದಿಲ್ಲ.

ಹಿಮ ಇಲ್ಲದಿದ್ದರೂ ಪೈಪು ಒಡೀತದೆ

"ನಮ್ಮೂರಾಗ ಹಿಮ ಎಲ್ಲೈತಿ ಬಿಡಪಾ" ಅನ್ನುವವರಿಗೆ ಮಾಸ್ಕೋದ ಕಥೆ ಹೇಳಬೇಕು. 19ನೇ ಶತಮಾನದ ಕೊನೆಯಲ್ಲಿ ಆ ಊರಿನ ದೊಡ್ಡ ನೀರಿನ ಪೈಪುಗಳು ಮತ್ತೆ ಮತ್ತೆ ಒಡೆಯುತ್ತಿದ್ದವು. ಚಳಿ ಊರು, ಚಳಿಗೇ ಒಡೆದಿರಬೇಕು ಅನಿಸಬಹುದು. ನಿಕೊಲಾಯ್ ಜುಕೋವ್‌ಸ್ಕಿ ಪ್ರಯೋಗ ಮಾಡಿ 1898ರಲ್ಲಿ ಪ್ರಕಟಿಸಿದ ಉತ್ತರ ಬೇರೆ: ಹರಿಯುವ ನೀರನ್ನು ವಾಲ್ವ್‌ನಿಂದ ಗಕ್ಕನೆ ನಿಲ್ಲಿಸಿದರೆ ಪೈಪಿನೊಳಗೆ ಒತ್ತಡದ ಅಲೆ ಏಳುತ್ತದೆ. ಇದೇ ನಾವು ಓದುವ ವಾಟರ್ ಹ್ಯಾಮರ್. ನೀರಿನ ವೇಗ ಸೆಕೆಂಡಿಗೆ ಒಂದೇ ಮೀಟರ್ ಇದ್ದು ಥಟ್ಟನೆ ನಿಂತರೂ, ಲೋಹದ ಪೈಪಿನಲ್ಲಿ ಸುಮಾರು 10 ಬಾರ್ ಒತ್ತಡ ಏರುತ್ತದೆ. 100 ಮೀಟರ್ ಎತ್ತರದ ನೀರಿನ ಕಂಬದ ಭಾರ ಅದು. ಪರಿಹಾರ ಬಹಳ ಸರಳ: ವಾಲ್ವ್ ನಿಧಾನ ತಿರುಗಿಸಿ.

ಈಗ ನಮ್ಮ ಊರಿಗೆ ಬರೋಣ. ಸವದತ್ತಿ ಕಡೆಯ ಮಲಪ್ರಭೆಯ ನೀರು, ಇತ್ತ ನೀರಸಾಗರದ ನೀರು ಪೈಪುಗಳಲ್ಲಿ ಬಂದು ಈ ಜೋಡಿ ನಗರಕ್ಕೆ ಹಂಚಿಕೆಯಾಗುತ್ತದೆ. ಹಲವು ಬಡಾವಣೆಗಳಿಗೆ ಅದು ದಿನಗಳ ಅಂತರದಲ್ಲಿ ಸರದಿಯ ಮೇಲೆ ಬರುತ್ತದೆ. ಸರದಿ ಬಂದಾಗ ಖಾಲಿ ಪೈಪಿಗೆ ನೀರು ನುಗ್ಗುತ್ತದೆ, ಒಳಗಿನ ಗಾಳಿ ಬುಸುಗುಟ್ಟುತ್ತ ಹೊರಬೀಳುತ್ತದೆ, ಸರದಿ ಮುಗಿದಾಗ ಮತ್ತೆ ಖಾಲಿ. ವರ್ಷಗಟ್ಟಲೆ ಹೀಗೆ ಒತ್ತಡ ಏರಿಳಿದರೆ ಕೂಡಿಕೆಗಳು ಸಡಿಲಾಗುತ್ತವೆ. ಇದರ ಮೇಲೆ ರಸ್ತೆ ಅಗೆಯುವ ಜೆಸಿಬಿ ಹಲ್ಲು ಬೇರೆ.

ಪೈಪು ಒಡೆದರೆ ನೀರು ಪೋಲಾಗ್ತದೆ ಅನ್ನೋದಷ್ಟೇ ನಮಗೆ ಕಾಣೋದು. ಕಾಣದ ಸಂಗತಿ ಇನ್ನೂ ಕೆಟ್ಟದ್ದು. ಸರದಿ ಮುಗಿದು ಪೈಪಿನಲ್ಲಿ ಒತ್ತಡ ಇಲ್ಲದಾಗ, ನೀರು ಹೊರಗೆ ಸೋರಿದ ಅದೇ ಬಿರುಕಿನಿಂದ ಗಟಾರದ ನೀರು ಒಳಗೆ ಬರುತ್ತದೆ. ಇದನ್ನು ನಮ್ಮ ಊರಿನ ನಳಗಳಲ್ಲೇ ಅಳೆದಿದ್ದಾರೆ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಹುಬ್ಬಳ್ಳಿ-ಧಾರವಾಡದಲ್ಲಿ ಒಂದು ವರ್ಷ ನೀರಿನ ಮಾದರಿ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಸರದಿಯ ಮೇಲೆ ನೀರು ಬರುವ ನಳಗಳ ಮಾದರಿಗಳಲ್ಲಿ 31.7%ರಲ್ಲಿ ಇ. ಕೋಲಿ ಸಿಕ್ಕಿತು. ದಿನದ 24 ತಾಸೂ ನೀರು ಬರುವ ನಳಗಳಲ್ಲಿ ಅದು ಬರೀ 0.7%. ಎರಡೂ ಕಡೆಯ ಟ್ಯಾಂಕುಗಳಲ್ಲಿ ನೀರಿನ ಗುಣಮಟ್ಟ ಹೆಚ್ಚುಕಡಿಮೆ ಒಂದೇ ಇತ್ತು. ಕೆಟ್ಟದ್ದು ದಾರಿಯಲ್ಲಿ. ಒಡೆದ ಪೈಪು ಅಂದರೆ ಓಣಿಯ ಕೂಸಿನ ಹೊಟ್ಟೆನೋವು ಅಂತ ನಾವು ಅನ್ನೋದು ಇದಕ್ಕೇ.

ನಿರಂತರ ನೀರು, ನಿರಂತರ ಒತ್ತಡ

ಈ 24 ತಾಸಿನ ನೀರು 2008ರಲ್ಲಿ ವಿಶ್ವಬ್ಯಾಂಕ್ ನೆರವಿನ ಯೋಜನೆಯಿಂದ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವೇ ವಾರ್ಡ್‌ಗಳಿಗೆ ಪ್ರಾಯೋಗಿಕವಾಗಿ ಬಂತು. ಉಳಿದ ಭಾಗಗಳಿಗೂ ಅದನ್ನು ಒಯ್ಯುವ ಯೋಜನೆ ಆಮೇಲೆ ಬಂತು. ಎಲ್ಲರಿಗೂ ಬೇಗ ಬರಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದನ್ನು ಯೋಚಿಸಿ. ನಿರಂತರ ನೀರು ಇರುವ ಉಣಕಲ್ ಮನೆಗೂ ಮಿನ್ನೆಸೋಟಾದ ಮನೆಗೂ ಒಂದು ವಿಷಯದಲ್ಲಿ ಭೇದ ಇಲ್ಲ: ಪೈಪು ಯಾವಾಗಲೂ ತುಂಬಿರುತ್ತದೆ, ಯಾವಾಗಲೂ ಒತ್ತಡದಲ್ಲಿರುತ್ತದೆ.

ಸರದಿಯ ನೀರಿನಲ್ಲಿ ಗೋಡೆಯೊಳಗಿನ ಪೈಪು ಸೋರಿದರೂ ಒಂದೆರಡು ತಾಸಿಗೆ ನೀರೇ ನಿಂತುಹೋಗಿ ಮನೆ ಉಳಿಯುತ್ತದೆ. ನಿರಂತರ ನೀರಿನಲ್ಲಿ ಅದು ತಾನಾಗಿ ನಿಲ್ಲೋದಿಲ್ಲ, ಯಾರಾದರೂ ನಿಲ್ಲಿಸಬೇಕು. ನೀರು ಬಂದ ಸದ್ದಿಗೆ ಎಚ್ಚರ ಆಗಲಿ ಅಂತ ನಳ ತೆರೆದಿಟ್ಟು ಮಲಗುವ ರೂಢಿ ಸರದಿಯ ನೀರಿಗೆ ಹೊಂದಿಕೆಯಾದೀತು. ನಿರಂತರ ನೀರಿನಲ್ಲಿ ಅದೇ ರೂಢಿ ಮನೆ ಮುಳುಗಿಸುತ್ತದೆ. ಆದ್ದರಿಂದ ಹೊಸ ನಳ ಬರುವ ಮುಂಚೆಯೇ ಹೊಸ ರೂಢಿ ಬರಬೇಕು.

"ಅದು ಪ್ಲಂಬರ್ ಕೆಲಸಾ ರೀ, ಎಂಜಿನಿಯರ್ ಕೆಲಸ ಅಲ್ಲ" ಅಂತ ಯಾರಾದರೂ ಹೇಳಬಹುದು. ಪೈಪು ಜೋಡಿಸೋದು ಖಂಡಿತ ಪ್ಲಂಬರ್ ಕೆಲಸ, ಅದಕ್ಕೆ ಬೇಕಾದ ಕೈಗುಣ ಅವರದು. ಆದರೆ ಅವರು ಬರೋದಕ್ಕೆ ಒಂದು ತಾಸು ಬೇಕು. ಆ ತಾಸಿನ 1,200 ಲೀಟರ್ ನಿಲ್ಲಿಸಬೇಕಾದವರು ಮನೆಯಲ್ಲಿ ಇರುವವರೇ. ಎಂಜಿನಿಯರ್ ಕೆಲಸ ಅಲ್ಲ ಅನ್ನುವುದೂ ತಪ್ಪು. 2011ರ ಸುಮಾರಿಗೆ ನಮ್ಮ ಊರಲ್ಲಿ ನೆಕ್ಸ್ಟ್‌ಡ್ರಾಪ್ ಅನ್ನೋ ಪ್ರಯತ್ನ ಶುರುವಾಯಿತು. ವಾಲ್‌ಮನ್‌ಗಳು ವಾಲ್ವ್ ತೆರೆದ ಸುದ್ದಿ ಫೋನಿನಲ್ಲಿ ತಿಳಿಸಿದರೆ, ಆ ಭಾಗದ ಮನೆಗಳಿಗೆ ಎಸ್ಎಂಎಸ್ ಹೋಗುತ್ತಿತ್ತು. ಅದನ್ನು ಹುಟ್ಟುಹಾಕಿದವರು ಬರ್ಕ್ಲಿಯ ವಿದ್ಯಾರ್ಥಿಗಳು. ಸಾವಿರಾರು ಮೈಲಿ ದೂರದ ಹುಡುಗ-ಹುಡುಗಿಯರಿಗೆ ನಮ್ಮ ನಳ ಒಂದು ಪ್ರಾಜೆಕ್ಟ್ ಆಗಿ ಕಂಡಿತು. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ವಿಷಯ ಹುಡುಕುವವರೇ, ಅದು ನಮ್ಮ ಹಾಸ್ಟೆಲ್ ಹಿಂದೆಯೇ ಸೋರುತ್ತಿರಬಹುದು!

ಹಾಗಾದರೆ ಮಾಡೋದೇನು? ನಮ್ಮ ಕೋರಿಕೆ ಮೂರೇ. ಒಂದು, ಕ್ಯಾಂಪಸ್ಸಿನ ಪ್ರತಿ ಬ್ಲಾಕಿನ, ಪ್ರತಿ ಹಾಸ್ಟೆಲ್ಲಿನ ಮೇನ್ ವಾಲ್ವ್‌ಗೆ ಕೆಂಪು ಬಣ್ಣ ಬಳಿದು ಕನ್ನಡದಲ್ಲಿ ಬೋರ್ಡ್ ಹಾಕೋಣ: ಇದು ಯಾವ ಮಹಡಿಯ ನೀರು ನಿಲ್ಲಿಸುತ್ತದೆ, ಯಾವ ಕಡೆ ತಿರುಗಿಸಬೇಕು, ಯಾರಿಗೆ ಫೋನ್ ಮಾಡಬೇಕು. ಬರೆಯುವ ಕೆಲಸ ಕನ್ನಡ ಬಳಗದ್ದು. ಎರಡು, ಫಸ್ಟ್ ಇಯರ್ ಇಂಡಕ್ಷನ್‌ನಲ್ಲಿ ಅರ್ಧ ತಾಸು ಸಿವಿಲ್ ವಿಭಾಗದವರು ಹೊಸಬರನ್ನು ಕರೆದುಕೊಂಡು ಹೋಗಿ ಸಂಪಿನಿಂದ ನಳದವರೆಗಿನ ದಾರಿ ತೋರಿಸಲಿ. ಬಳಸದೆ ಬಿಟ್ಟ ವಾಲ್ವ್ ತುಕ್ಕು ಹಿಡಿದು ಬೇಕಾದ ಹೊತ್ತಿಗೆ ತಿರುಗೋದಿಲ್ಲ. ಸೆಮಿಸ್ಟರ್‌ಗೊಮ್ಮೆ ನಿಧಾನ ಬಂದ್ ಮಾಡಿ ತೆರೆಯುವ ಕೆಲಸವೂ ಅದೇ ದಿನ ಆಗಲಿ. ಮೂರು, ಈ ವಾರ ಮನೆಗೆ ಹೋದಾಗ ನಿಮ್ಮ ಮನೆಯಲ್ಲಿ ವಾಲ್ವ್ ಹುಡುಕಿ, ಅವ್ವ-ಅಪ್ಪಗೂ ತೋರಿಸಿ. ಮೀಟರ್ ಇದ್ದರೆ ಇನ್ನೊಂದು ಪರೀಕ್ಷೆ: ಎಲ್ಲ ನಳ ಬಂದ್ ಮಾಡಿ, ಟ್ಯಾಂಕಿಗೂ ನೀರು ಹೋಗದ ಹೊತ್ತಿನಲ್ಲಿ ಮೀಟರ್ ನೋಡಿ. ಮುಳ್ಳು ತಿರುಗುತ್ತಲೇ ಇದ್ದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಗೋಡೆ ಹಸಿಯಾಗಿ ಬಣ್ಣ ಉದುರುವ ಮುಂಚೆಯೇ ಗೊತ್ತಾಗ್ತದೆ.

ಇದಕ್ಕೆ ಬಜೆಟ್ ಬೇಕಿಲ್ಲ, ಟೆಂಡರ್ ಬೇಕಿಲ್ಲ. ಒಂದು ಡಬ್ಬಿ ಕೆಂಪು ಬಣ್ಣ, ಒಂದು ಬ್ರಷ್, ಶನಿವಾರ ಮಧ್ಯಾಹ್ನದ ಎರಡು ತಾಸು ಸಾಕು. ಯಾವ ಬ್ಲಾಕಿನವರು ಮೊದಲು ಶುರು ಮಾಡ್ತೀರಿ, ಹೇಳಿ. ಬೋರ್ಡ್ ಬರೆಯಲು ನಾವು ಬರ್ತೀವಿ.