ಹಟ ಹಿಡಿದ ಬೋಲ್ಟು

ಹೋದ ತಿಂಗಳು ಎರಡು ದಿನ ಇದ್ದು ಬರೋಣ ಅಂತ ಹಾಸನಕ್ಕೆ ಹೋಗಿದ್ದೆ. ಅಮ್ಮ ಅದಕ್ಕೂ ಮೊದಲೇ ಫೋನಲ್ಲಿ ಹೇಳಿದ್ದರು: "ಕಾರಲ್ಲಿ ಕೂತ್ರೆ ತಲೆ ನೋಯುತ್ತೆ ಕಣೋ." ಅಪ್ಪನ ಉತ್ತರ ಸಿದ್ಧವಿತ್ತು: "ಅವಳಿಗೆ ಬಿಸಿಲು ಆಗಲ್ಲ, ಅಷ್ಟೇ."

ಶನಿವಾರ ಬೆಳಿಗ್ಗೆ ಅಪ್ಪನ 20 ವರ್ಷದ ಹಳೇ ಪೆಟ್ರೋಲ್ ಕಾರು ಸ್ಟಾರ್ಟ್ ಮಾಡಿದೆ. ಬಾನೆಟ್ ಒಳಗಿಂದ ಟಿಕ್ ಟಿಕ್ ಅಂತ ಸದ್ದು. ಎಂಜಿನ್ ಬಿಸಿಯಾದ ಮೇಲೆ ಸದ್ದು ಕಡಿಮೆಯಾಯ್ತು. ಟಾರ್ಚ್ ಬಿಟ್ಟು ನೋಡಿದರೆ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎಂಜಿನ್‌ಗೆ ಕೂರುವ ಜಾಗದಲ್ಲಿ ಕಪ್ಪು ಮಸಿ. ಗ್ಯಾಸ್ಕೆಟ್ ಹೋಗಿ ಹೊಗೆ ಅಲ್ಲೇ ಸೋರುತ್ತಿತ್ತು.

ಆಗ ಅಮ್ಮನ ತಲೆನೋವು ನೆನಪಾಗಿ ಹೊಟ್ಟೆಯಲ್ಲಿ ಸಂಕಟವಾಯ್ತು. ಎಂಜಿನ್ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬಾನೆಟ್ ಕೆಳಗೆ ಸೋರಿದ್ದು ಗಾಳಿ ಬರುವ ದಾರಿಯಲ್ಲೇ ಕಾರಿನೊಳಗೆ ಬರಬಹುದು. ತಲೆನೋವು, ತಲೆಸುತ್ತು ಅದರ ಮೊದಲ ಲಕ್ಷಣಗಳು.

ಗ್ಯಾಸ್ಕೆಟ್ ಬದಲಾಯಿಸೋದು ತಾನೇ, ನಾನೂ ಎಂಜಿನಿಯರ್ರೇ ಅಂದುಕೊಂಡೆ. ಎರಡು ವೀಡಿಯೊ ನೋಡಿ ಕೈ ಹಾಕಿಯೇಬಿಟ್ಟೆ. ಎಂಟು ಬೋಲ್ಟುಗಳಲ್ಲಿ ಏಳು ಬಂದವು. ಮೂಲೆಯ ಒಂದು ಮಾತ್ರ ಅಲ್ಲಾಡಲಿಲ್ಲ. ಸಂಜೆಯೊಳಗೆ ಮುಗಿಸುವ ಆತುರ. ಸ್ಪ್ಯಾನರ್‌ಗೆ ಉದ್ದದ ಪೈಪ್ ಸಿಕ್ಕಿಸಿ ಮೈಭಾರವೆಲ್ಲ ಹಾಕಿದೆ. ಸ್ವಲ್ಪ ತಿರುಗಿದ ಹಾಗಾಯ್ತು, ಖುಷಿಯೂ ಆಯ್ತು. ಮರುಕ್ಷಣ 'ಟಪ್' ಅಂತು. ಬೋಲ್ಟಿನ ತಲೆ ನನ್ನ ಕೈಯಲ್ಲಿ, ಮಿಕ್ಕಿದ್ದು ಎಂಜಿನ್ನಿನಲ್ಲಿ.

ಅಪ್ಪ ಬೈಯಲಿಲ್ಲ. ಪರಿಚಯದ ಗ್ಯಾರೇಜ್ ಮೇಸ್ತ್ರಿಗೆ ಫೋನ್ ಮಾಡಿ, "ನಮ್ಮ ಹುಡುಗ ಒಂದು ಬೋಲ್ಟ್ ಮುರಿದಿದಾನೆ, ಸ್ವಲ್ಪ ಬಂದು ನೋಡಿ" ಅಂದರು.

ಮೇಸ್ತ್ರಿ ಬಗ್ಗಿ ನೋಡಿ ಕೇಳಿದರು: "ಎಣ್ಣೆ ಬಿಟ್ಟಿದ್ರಾ ಸರ್?"

"ಬಿಟ್ಟಿದ್ದೆ."

"ಎಷ್ಟು ಹೊತ್ತು?"

"ಹತ್ತು ನಿಮಿಷ."

ಅವರು ನಕ್ಕರು. "ಇಪ್ಪತ್ತು ವರ್ಷ ಹಿಡಿದಿದ್ದು ಹತ್ತು ನಿಮಿಷಕ್ಕೆ ಬಿಡುತ್ತಾ?"

ನಮ್ಮ ಕಾರಿನ ಎಂಜಿನ್ ಹೆಡ್ ಅಲ್ಯೂಮಿನಿಯಂ, ಬೋಲ್ಟು ಉಕ್ಕಿನದು. ಬಿಸಿಯಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತೆ. ದಿನಾ ಕಾದು, ದಿನಾ ತಣ್ಣಗಾಗಿ, ಮರೆಯ ಮಧ್ಯೆ ತುಕ್ಕು ಸೇರಿ ಎರಡೂ ಒಂದೇ ಲೋಹದ ಹಾಗೆ ಕಚ್ಚಿಕೊಂಡಿರುತ್ತವೆ.

ಮೇಸ್ತ್ರಿ ಅವತ್ತು ಮಾಡಿದ್ದು ಇಷ್ಟೇ: ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ, ಕಾಫಿ ಕುಡಿದು, ಮನೆಗೆ ಹೋದರು.

ಭಾನುವಾರ ಬೆಳಿಗ್ಗೆ ವೆಲ್ಡಿಂಗ್ ಸೆಟ್ ತಂದರು. ಪುಣ್ಯಕ್ಕೆ ಮುರಿದ ತುಂಡು ಅರ್ಧ ಸೆಂಟಿಮೀಟರ್‌ನಷ್ಟು ಹೊರಗಿತ್ತು. ಮೊದಲು ಬ್ಯಾಟರಿ ವೈರ್ ಬಿಚ್ಚಿದರು. ಎಣ್ಣೆಯನ್ನೆಲ್ಲ ಒರೆಸಿ, ಪೆಟ್ರೋಲ್ ಪೈಪ್ ಎಲ್ಲಿದೆ ಅಂತ ನೋಡಿಕೊಂಡರು. ತುಂಡಿನ ಮೇಲೊಂದು ನಟ್ ಇಟ್ಟು ಎರಡನ್ನೂ ಸೇರಿಸಿ ವೆಲ್ಡ್ ಮಾಡಿದರು. ವೆಲ್ಡಿಂಗಿನ ಕಾವಿಗೆ ತುಕ್ಕಿನ ಹಿಡಿತ ಸಡಿಲವಾಗುತ್ತಂತೆ. ಕೆಂಪು ಆರಿದ ಮೇಲೆ ಸ್ಪ್ಯಾನರ್ ಹಾಕಿದರು. ಬಿಚ್ಚಲಿಲ್ಲ, ಮೊದಲು ಕೂದಲೆಳೆಯಷ್ಟು ಟೈಟ್ ಮಾಡಿದರು! ಆಮೇಲೆ ಸ್ವಲ್ಪ ಲೂಸ್, ಮತ್ತೆ ಟೈಟ್, ಮತ್ತೆ ಲೂಸ್. ಹತ್ತು ನಿಮಿಷಕ್ಕೆ ತುಂಡು ಹೊರಗೆ.

"ಒಳಗೇ ಮುರಿದಿದ್ರೆ?" ಅಂದೆ.

"ನಡುಮಧ್ಯ ಪಂಚ್ ಹೊಡೆದು ಡ್ರಿಲ್ ಮಾಡ್ಬೇಕು. ಈಸಿ ಔಟ್ ಹಾಕಬಹುದು, ಆದ್ರೆ ಅದೂ ಒಳಗೆ ಮುರಿದ್ರೆ ಮಾಮೂಲಿ ಡ್ರಿಲ್ ಬಿಟ್ ಅದಕ್ಕೆ ನಾಟಲ್ಲ. ಕೊನೆಗೆ ಹೆಡ್ಡೇ ಇಳಿಸಬೇಕಾಗುತ್ತೆ."

ನೀವೂ ಕೈ ಹಾಕೋದಾದರೆ, ಇಷ್ಟು ನೆನಪಿರಲಿ:

• ಎಂಜಿನ್ ಪೂರ್ತಿ ತಣ್ಣಗಿದ್ದಾಗ ಎಣ್ಣೆ ಬಿಡಿ. ಕಾದ ಮ್ಯಾನಿಫೋಲ್ಡ್ ಮೇಲೆ ಬಿದ್ದರೆ ಬೆಂಕಿ ಹತ್ತಬಹುದು. ಒಂದು ರಾತ್ರಿ ನೆನೆಯಲಿ.
• ಆರು ಮೂಲೆಯ ಸಾಕೆಟ್ ಬಳಸಿ, ಬೋಲ್ಟಿನ ತಲೆ ಸವೆಯಲ್ಲ. ಕನ್ನಡಕ ಹಾಕಿಕೊಳ್ಳಿ.
• ರಬ್ಬರಿನ ಹಾಗೆ ಮೆತ್ತಗೆ ತಿರುಗಿದಂತಾದರೆ ತಕ್ಷಣ ನಿಲ್ಲಿಸಿ. ಅದು ಬಿಡುತ್ತಿಲ್ಲ, ಮುರಿಯುತ್ತಿದೆ.
• ಹಾಕುವಾಗ ಹೊಸ ಬೋಲ್ಟು, ಹೊಸ ಗ್ಯಾಸ್ಕೆಟ್. ಮಧ್ಯದಿಂದ ಶುರು ಮಾಡಿ ಎರಡೂ ತುದಿಯ ಕಡೆಗೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ಸೋಮವಾರ ಆಫೀಸಿಗೆ ರಜೆ ಹಾಕಿದೆ. ಅಪ್ಪ, ಅಮ್ಮ, ನಾನು ಕಾರಲ್ಲಿ ಹಳೇಬೀಡಿಗೆ ಹೋಗಿ ಬಂದೆವು. ಟಿಕ್ ಟಿಕ್ ಸದ್ದಿರಲಿಲ್ಲ.

"ತಲೆ ಹೇಗಿದೆಮ್ಮ?" ಅಂದೆ.

"ಚೆನ್ನಾಗಿದೆ ಕಣೋ."

ಆ ತಲೆನೋವಿಗೆ ಹೊಗೆಯೇ ಕಾರಣ ಅಂತ ನಾನು ಡಾಕ್ಟರ್ ಥರ ಹೇಳೋಕಾಗಲ್ಲ. ಅಪ್ಪನೂ ಏನೂ ಹೇಳಲಿಲ್ಲ. ಆದರೆ ಹೋಗ್ತಾ ಬರ್ತಾ ಎರಡೂ ಕಡೆ ಅಮ್ಮನ ಪಕ್ಕದ ಕಿಟಕಿ ಗಾಜನ್ನು ತಾವೇ ಇಳಿಸಿದರು.

ಊರಲ್ಲಿ ಅಪ್ಪ ಅಮ್ಮ ಹಳೇ ಕಾರು ಓಡಿಸ್ತಿದ್ದಾರಾ? ಮುಂದಿನ ಸಲ ಹೋದಾಗ, ಬೆಳಿಗ್ಗೆ ಒಮ್ಮೆ ಬಯಲಲ್ಲಿ ನಿಲ್ಲಿಸಿ ಸ್ಟಾರ್ಟ್ ಮಾಡಿ ಸದ್ದು ಕೇಳಿ. ಏನಾದ್ರೂ ಇದ್ದರೆ ವಾಪಸ್ ಬರುವ ಬಸ್ ಟಿಕೆಟ್ ಮಾತ್ರ ಮೊದಲೇ ಬುಕ್ ಮಾಡಬೇಡಿ.