ಕೀರ್ತನೆ ದಾಸರದು, ದನಿ ನಿಮ್ಮದು: ಕ್ಲೈಮ್ ಬಂದರೆ ಸುಮ್ಮನಿರಬೇಡಿ

ಭಜನಾ ಮಂಡಳಿಯ ತಾಯಂದಿರೇ, ಭಾಗವತರೇ, ತತ್ವಪದ ಹಾಡುವ ಅಣ್ಣಂದಿರೇ,

ಏಕಾದಶಿಯ ಭಜನೆಯನ್ನು ಯೂಟ್ಯೂಬಿಗೆ ಹಾಕುತ್ತೀರಿ. ಮರುದಿನವೇ ಮೊಬೈಲಿಗೆ ಸಂದೇಶ: ಈ ಹಾಡಿನ ಹಕ್ಕು ಇಂಥ ಆಡಿಯೊ ಕಂಪನಿಯದು. ಹೆದರಿ ವಿಡಿಯೊ ಅಳಿಸಿಬಿಡುತ್ತೀರಿ. ಅಳಿಸಬೇಡಿ ಎನ್ನುವುದಕ್ಕೇ ಈ ಕರಪತ್ರ.

ಪುರಂದರದಾಸರ ಕೀರ್ತನೆ, ಬಸವಣ್ಣನವರ ವಚನ ಯಾವ ಕಂಪನಿಯ ಆಸ್ತಿಯೂ ಅಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಬರೆದವರು ತೀರಿಕೊಂಡು 60 ವರ್ಷವಾದರೆ ಹಕ್ಕು ಮುಗಿಯಿತು. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಪದ್ಯ ಇಂದು ಎಲ್ಲರದು. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗೆ 2041ರ ಕೊನೆಯವರೆಗೂ ಅನುಮತಿ ಬೇಕು. ಕಂಪನಿಗೆ ಹಕ್ಕಿರುವುದು ತಾನು ಮಾಡಿಸಿದ ಧ್ವನಿಮುದ್ರಣದ ಮೇಲೆ. ಬಾವಿ ಊರಿನದು, ಸೇದಿಟ್ಟ ಕೊಡ ಮಾತ್ರ ಅವರದು.

ಇಲ್ಲಿ ನಮ್ಮವರೂ ಎಡವುತ್ತಾರೆ. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ, ಪದಗಳೇನೋ ಮುಕ್ತ. ಆದರೆ ಸಿ. ಅಶ್ವತ್ಥ್ ಮಾಡಿದ ರಾಗಸಂಯೋಜನೆಗೆ ಬೇರೆಯದೇ ಹಕ್ಕುಂಟು. ಅದನ್ನೇ ಹಾಡಿ, ‘ಇದು ಜನಪದ’ ಎಂದು ವಾದಿಸಿದರೆ ನಿಲ್ಲದು. ಹಳೆಯ ಮಟ್ಟಿನಲ್ಲಿ ಹಾಡಿ, ಇಲ್ಲವೇ ನಿಮ್ಮದೇ ಧಾಟಿ ಕೂಡಿಸಿ.

ಬಹುಪಾಲು ಕ್ಲೈಮ್ ಬರುವುದು ಕಂಟೆಂಟ್ ಐಡಿ ಎಂಬ ಯಂತ್ರದಿಂದ. ಅದಕ್ಕೆ ತಿಳಿಯುವುದು ಹೋಲಿಕೆ ಮಾತ್ರ. ದಾಸರೂ ಗೊತ್ತಿಲ್ಲ, ಕಾಯ್ದೆಯೂ ಗೊತ್ತಿಲ್ಲ. ಇಂಥ ಕ್ಲೈಮಿನಿಂದ ಚಾನೆಲ್ ಮುಚ್ಚುವುದಿಲ್ಲ, ಸಾಮಾನ್ಯವಾಗಿ ಜಾಹೀರಾತಿನ ದುಡ್ಡು ಅವರ ಪಾಲಾಗುತ್ತದೆ, ಅಷ್ಟೆ. ಅದನ್ನು ತಕರಾರು ಮಾಡುವ ದಾರಿ ಅಲ್ಲೇ ಇದೆ. ಉದ್ದ ಅರ್ಜಿ ಬೇಡ, ಇಷ್ಟು ಬರೆದರೆ ಸಾಕು: ‘ಸಾಹಿತ್ಯ 16ನೇ ಶತಮಾನದ ಪುರಂದರದಾಸರದು. ಧಾಟಿ ಸಾಂಪ್ರದಾಯಿಕ. ಹಾಡಿದ್ದು ನಾವು, ಹಾರ್ಮೋನಿಯಂ, ತಬಲಾ ನಮ್ಮ ಮಂಡಳಿಯದು. ಬೇರೆ ಯಾರ ಧ್ವನಿಮುದ್ರಣವನ್ನೂ ಬಳಸಿಲ್ಲ.’ ಉತ್ತರಿಸಲು ಕಂಪನಿಗೆ 30 ದಿನ. ಸುಮ್ಮನಿದ್ದರೆ ಕ್ಲೈಮ್ ಬಿದ್ದುಹೋಗುತ್ತದೆ. ಕ್ಲೈಮ್ ಬಂದ 5 ದಿನದೊಳಗೆ ತಕರಾರು ಹಾಕಿದರೆ ಮೊದಲ ದಿನದಿಂದಲೇ ದುಡ್ಡನ್ನು ತಡೆದಿಡುತ್ತಾರೆ.

ಯಾರಾದರೂ ದೂರು ಕೊಟ್ಟು ವಿಡಿಯೊ ತೆಗೆಸಿ, ಚಾನೆಲ್ಲಿಗೆ ಸ್ಟ್ರೈಕ್ ಬಿದ್ದರೆ ಮಾತು ಬೇರೆ. 90 ದಿನದಲ್ಲಿ ಮೂರು ಬಿದ್ದರೆ ಚಾನೆಲ್ಲೇ ಹೋಗುತ್ತದೆ. ಸ್ಟ್ರೈಕ್ ತಪ್ಪಾಗಿದ್ದರೆ ಪ್ರತಿ ನೋಟಿಸ್ ಕೊಡಬೇಕು. ಕೊಟ್ಟ ಮೇಲೆ ಕೆಲಸದ 10 ದಿನದೊಳಗೆ ಎದುರಿನವರು ಕೋರ್ಟಿಗೆ ಹೋದದ್ದನ್ನು ತೋರಿಸಬೇಕು, ಇಲ್ಲವಾದರೆ ವಿಡಿಯೊ ಮರಳುತ್ತದೆ. ನಿಮ್ಮ ಹೆಸರು, ವಿಳಾಸ ಅವರ ಕೈ ಸೇರುತ್ತದೆ, ಬರೆದದ್ದಕ್ಕೆ ಕಾನೂನಿನ ತೂಕವೂ ಇರುತ್ತದೆ. ಆದ್ದರಿಂದ ಸುಳ್ಳು ಬರೆಯಬೇಡಿ. ಆಧಾರವಿಲ್ಲದೆ ‘ಕೇಸು ಹಾಕುತ್ತೇವೆ’ ಎಂದು ಬೆದರಿಸಿದವರ ಮೇಲೆ ಕಾಯ್ದೆಯ 60ನೇ ಕಲಮಿನಡಿ ನೀವೇ ದಾವೆ ಹೂಡಬಹುದು.

ಇದೇ ಕಾಯ್ದೆ ನಮ್ಮ ಕೈಯಲ್ಲೂ ಇದೆ. ಯಕ್ಷಗಾನದ ವೇಷಧಾರಿಗೂ ಭಾಗವತರಿಗೂ ತಮ್ಮ ಪ್ರದರ್ಶನದ ಮೇಲೆ 50 ವರ್ಷದ ಹಕ್ಕುಂಟು. ಚೌಕಿಯಲ್ಲಿ ಒಂದು ಮಾತೂ ಕೇಳದೆ ಇಡೀ ಪ್ರಸಂಗವನ್ನು ಮೊಬೈಲಿನಲ್ಲಿ ಹಿಡಿದು ತನ್ನ ಚಾನೆಲ್ಲಿಗೆ ಹಾಕಿಕೊಳ್ಳುವುದು ಅಭಿಮಾನವಲ್ಲ, ಕಳವು. ಯೂಟ್ಯೂಬಿಗೆ ದೂರು ಕೊಡಿ. ನೋಂದಣಿ ಕಡ್ಡಾಯವಲ್ಲ, ವಿಡಿಯೊದ ಲಿಂಕ್ ಮತ್ತು ಅದು ನಿಮ್ಮದೆಂಬ ಹೇಳಿಕೆ ಬೇಕು. ಊರಿನ ಹುಡುಗನೇ ಆಗಿದ್ದರೆ 7 ದಿನದ ಗಡುವು ಕೊಡುವ ಆಯ್ಕೆ ಒತ್ತಿ. ತಾನೇ ತೆಗೆದರೆ ಅವನಿಗೆ ಸ್ಟ್ರೈಕ್ ಬೀಳದು.

ಸಾಕ್ಷಿಗಾಗಿ ಹಾಡಿದ ದಿನದ ಮೂಲ ಫೈಲನ್ನು ಅಳಿಸದೆ ಇಟ್ಟುಕೊಳ್ಳಿ. ಓದಿದ ಮೇಲೆ ಈ ಹಾಳೆಯನ್ನು ನಿಮ್ಮ ಮಂಡಳಿಯ ಚಾನೆಲ್ ನೋಡಿಕೊಳ್ಳುವವರ ಕೈಗೆ ಕೊಡಿ. ತೆರೆಯದೆ ಬಿಟ್ಟ ಹಳೆಯ ಕ್ಲೈಮುಗಳನ್ನು ಈ ವಾರವೇ ತೆರೆಸಿ, ತಕರಾರು ಹಾಕಿಸಿ.